ಹೊಸ ಪಿಕಪ್‌ಗೆ ಕುದುರೆ ಟ್ರೇಲರ್ ಜೋಡಿಸಿದ ಮೇಲೆ

ಟೆಸ್ಸಾ,

ಆಸ್ಪತ್ರೆಯ ಪಾಳಿಗೆ ಹೊರಟಿದ್ದೇನೆ. ಡಸ್ಟಿಯನ್ನು ಇವತ್ತೇ ರಾಯ್ಸ್ ಮಾವನ ಲಾಯಕ್ಕೆ ಬಿಟ್ಟು ಬಾ. ಜೊತೆಯ ಹೆಣ್ಣುಕುದುರೆ ಜೂನಿಪರ್ ಹೊಟ್ಟೆನೋವಿನಿಂದ ಸತ್ತಾಗಿನಿಂದ ಅವನು ಮೇವು ಮುಟ್ಟಿಲ್ಲ. ಅಲ್ಲಿ ಬೇರೆ ಕುದುರೆಗಳಾದರೂ ಇವೆ.

ಕುದುರೆ ಟ್ರೇಲರನ್ನು ಜೋಡಿಸಿಟ್ಟಿದ್ದೇನೆ. ಹೊಸ ಪಿಕಪ್ ಹಳೆಯದಕ್ಕಿಂತ ಎತ್ತರ, ನೆನಪಿರಲಿ. ಗೇಟಿನ ಬಳಿಯ ತಗ್ಗಿನಲ್ಲಿ ನಿಧಾನವಾಗಿ ಇಳಿಸು, ಇಲ್ಲದಿದ್ದರೆ ಪಿಕಪ್ಪಿನ ಪಕ್ಕದ ತಗಡು, ಅದರ ಮೇಲೆ ಬಾಗಿ ಚಾಚಿರುವ ಟ್ರೇಲರಿನ ಕುತ್ತಿಗೆಗೆ ತಾಗುತ್ತದೆ. ಅಳತೆಯ ಟೇಪನ್ನು ನೀನು ಮತ್ತೆ ಹುಲ್ಲಿನ ಮೇಲೆ ಬಿಟ್ಟಿದ್ದೆ. ಇನ್ನು ಎಷ್ಟು ಸಲ ಹೇಳಲಿ?

ಹೋದ ಭಾನುವಾರ ನಾನು ಖಾಲಿ ಗಾಡಿಯನ್ನು ಅಳೆಯುತ್ತಿದ್ದಾಗ, "ಖಾಲಿ ಅಳೆದ್ರೆ ಏನ್ ಬಂತಮ್ಮಾ? ಇಬ್ರನ್ನೂ ಹತ್ಸಿ ನೋಡು, ಹಿಂದ್ಗಡೆ ಎಷ್ಟು ಕುಸಿಯುತ್ತೆ ಅಂತ" ಎಂದು ನೀನು ನಕ್ಕೆ. ನೀನು ಹೇಳಿದ್ದೇ ಸರಿ. ಆ ಕುತ್ತಿಗೆಯ ಎತ್ತರವನ್ನು ಡಸ್ಟಿ, ಜೂನಿಪರ್ ಇಬ್ಬರ ಭಾರಕ್ಕೇ ಹೊಂದಿಸಿದೆವು.

ಇವತ್ತು ಬೆಳಿಗ್ಗೆ ಡಸ್ಟಿಯೊಬ್ಬನನ್ನೇ ಹತ್ತಿಸಿ ಅಳೆದೆ. ಒಬ್ಬರ ಭಾರ ಕಡಿಮೆಯಾಗಿ ಟ್ರೇಲರಿನ ಮೂತಿ ಅರ್ಧ ಅಂಗುಲ ಮೇಲೆದ್ದಿದೆ. ಅಷ್ಟಕ್ಕೆಲ್ಲ ಬೋಲ್ಟು ಬಿಚ್ಚಲು ಹೋಗಬೇಡ, ನಡೆಯುತ್ತದೆ.

ಹದಿನೆಂಟು ವರ್ಷ ನಮ್ಮ ಜೊತೆಗಿದ್ದವಳು. ಟೇಪು ಹಿಡಿದರೆ ಅರ್ಧ ಅಂಗುಲ ಬಂದಳು.

ಅಮ್ಮ