ಅರಿಶಿನದಲ್ಲಿ ಅದ್ದಿದ ಸೀರೆ

೭ ಫೆಬ್ರವರಿ ೧೯೬೫, ಭಾನುವಾರ. ಕಲ್ಯಾಣದುರ್ಗ.

ಎಷ್ಟು ತೊಳೆದರೂ ಬೆರಳಿನ ಅರಿಶಿನ ಹೋಗಿಲ್ಲ, ಈ ಪುಟಕ್ಕೂ ಹತ್ತುತ್ತಿದೆ. ಇವತ್ತೆಲ್ಲ ಒಂದು ಸೀರೆಯದೇ ರಗಳೆ.

ಹಿಂದೂಪುರದಿಂದ ನನ್ನ ಕಾಲೇಜು ಗೆಳೆಯ ಆದಿನಾರಾಯಣ ಕ್ಯಾಮೆರಾ ಹೊತ್ತು ಬಂದಿದ್ದಾನೆ. ನಮ್ಮ ಹತ್ತು ನಿಮಿಷದ ಸಿನಿಮಾಕ್ಕೆ ಸೋದರತ್ತೆ ಮುನಿಯಕ್ಕನ ಪಡಸಾಲೆಯೇ ಮದುವೆ ಮನೆ, ಅವನ ತಂಗಿಯೇ ಮದುವೆ ಹೆಣ್ಣು. ಅತ್ತೆ ಖುಷಿಯಿಂದ ಪೆಟ್ಟಿಗೆ ತೆಗೆದು ತನ್ನ ಧಾರೆಯ ಕೆಂಪು ಸೀರೆ ಕೊಟ್ಟಳು. ಆದಿನಾರಾಯಣ ತಲೆ ಕೆರೆದುಕೊಂಡ. "ನಮ್ಮ ಕಪ್ಪು-ಬಿಳುಪು ಫಿಲಂನಾಗೆ ಕೆಂಪು ಕಪ್ಪಗೆ ಕಾಣ್ತದೆ ಅತ್ತೆ. ಬಿಳೀದು ಬೇಕು."

"ಮದ್ವೆ ಹೆಣ್ಗೆ ಬಿಳೀದಾ? ನನ್ ಮನೇಲಿ ಆಗಾಕಿಲ್ಲ ಕಣ್ಲಾ!"

ಸಿನಿಮಾ ಅಲ್ಲಿಗೇ ಮುಗಿಯಿತು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಅತ್ತೆಯೇ ಒಂದು ಬಿಳಿ ಸೀರೆಯನ್ನು ಅರಿಶಿನ ನೀರಿಗೆ ಹಾಕಿ, ಹಿಂಡಲು ನನ್ನನ್ನು ಕರೆದಳು. ಅವಳ ಕಣ್ಣಿಗೆ ಹಳದಿ, ಕ್ಯಾಮೆರಾಕ್ಕೆ ಬಿಳಿ.

ಅದನ್ನು ಅಂಗಳದ ಹಗ್ಗಕ್ಕೆ ಹರವಿದ್ದೇ ತಡ, ಅದರ ಮೇಲೆ ಬಿದ್ದ ಬಿಸಿಲು ಕತ್ತಲ ಪಡಸಾಲೆಯೊಳಗೆಲ್ಲ ಚೆಲ್ಲಿತು. "ಲೈಟು ದೊರಿಕಿಂದಿರಾ!" ಎಂದು, ಲೈಟು ಸಿಕ್ಕಿಬಿಟ್ಟಿತೆಂದು ಆದಿನಾರಾಯಣ ಕುಣಿದ. ಖುಷಿಯಾದರೆ ಅವನಿಗೆ ತೆಲುಗೇ ಬರುವುದು. ನಾಳೆ ಸೀರೆ ಹುಡುಗಿಯ ಮೈಮೇಲೆ, ಬಿಸಿಲನ್ನು ಒಳಗೆ ಚೆಲ್ಲಲು ಮಾವನ ಬಿಳಿ ಪಂಚೆಗಳೆಲ್ಲ ಹಗ್ಗದ ಮೇಲೆ.

ಈಗಷ್ಟೇ ಅತ್ತೆ ಬಂದು ಕೆಂಪು ಸೀರೆಯನ್ನು ಮತ್ತೆ ನನ್ನ ಮಡಿಲಿಗಿಟ್ಟಳು.

"ನಿಮ್ ಕ್ಯಾಮ್ರಾಕ್ ಬ್ಯಾಡದಿದ್ರೆ ಬ್ಯಾಡ. ಎಲ್ಲ ಮುಗುದ್ಮೇಲೆ ಆ ಮಗಾ ಇದ್ನ ಒಂದ್ ಗಳಿಗೆ ಉಟ್ಕಳ್ಳಿ. ನಾನ್ ನೋಡ್ಬೇಕು."

ಅತ್ತೆಗೆ ಹೆಣ್ಣುಮಕ್ಕಳಿಲ್ಲ. ನಾಳೆ ಕ್ಯಾಮೆರಾ ನಿಂತ ಮೇಲಿನದನ್ನು ನೋಡಲೆಂದೇ ನನಗೀಗ ಅವಸರ.