ಕೊಂಬು ಬಂದ ಹುಳಗಳು

ಕುದಾಪುರ
೨೧ ಸೆಪ್ಟೆಂಬರ್ ೨೦೨೫

ನನ್ನ ಮುದ್ದು ಅವ್ವನಿಗೆ,

ನಿನ್ನ ಸ್ವಪ್ನಳ ನಮಸ್ಕಾರ. ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅವ್ವ, ನಮ್ಮ ಹುಳಗಳಿಗೆ ಕೊಂಬು ಬಂದವು.

ಹೋದ ತಿಂಗಳ ಮೊದಲ ವಾರ ನೀನು ದೇವಸಮುದ್ರದಿಂದ ಬುತ್ತಿ ಕಟ್ಟಿಕೊಂಡು ಬಂದಾಗ, ಪಿಎಚ್.ಡಿ. ಮುಗಿದ ಮೇಲೂ ಇನ್ನೇನು ಸಂಶೋಧನೆ ಎಂದು ಕೇಳಿದ್ದೆ. ನಾನು ಸರಿಯಾಗಿ ಹೇಳಲಿಲ್ಲ. ಈಗ ಕೇಳು. ಸಗಣಿ ಹುಳದ ಗಂಡುಮರಿ ಎಳವೆಯಲ್ಲಿ ಹೊಟ್ಟೆ ತುಂಬ ತಿಂದರೆ ಅದರ ತಲೆಯ ಮೇಲೆ ಕೊಂಬು ಬೆಳೆಯುತ್ತದೆ. ಅರೆಹೊಟ್ಟೆ ಉಂಡ ಅದರ ತಮ್ಮನಿಗೆ ಇಲ್ಲ. ಕೊಂಬು ಬೆಳೆಸುವ ಜೀನುಗಳು ಇಬ್ಬರಲ್ಲೂ ಇರುತ್ತವೆ. ಹೊಟ್ಟೆಗೆ ಬಿದ್ದ ಅನ್ನ ಅವನ್ನು ಹೇಗೆ ಎಬ್ಬಿಸುತ್ತದೆ ಎಂದು ಹುಡುಕುವುದೇ ನನ್ನ ಕೆಲಸ.

ಆದರೆ ಒಂದು ವರ್ಷದಿಂದ ನನ್ನ ಡಬ್ಬಿಗಳಲ್ಲಿ ಮರಿಗಳು ಸಾಯುತ್ತಲೇ ಇದ್ದವು. ಮಣ್ಣು, ತೇವ, ಬಿಸಿ ಎಲ್ಲ ಬದಲಿಸಿ ನೋಡಿದ್ದೆ. ನಿನಗೆ ಮಾತ್ರ ಎಲ್ಲ ಚೆನ್ನಾಗಿದೆ ಎನ್ನುತ್ತಿದ್ದೆ. ನೀನು ನಂಬಲಿಲ್ಲ. ಅವತ್ತು ಡಬ್ಬಿಯೊಳಗೆ ಕಡ್ಡಿಯಿಂದ ಕೆದಕಿ, ಹುಳಕ್ಕೆ ಹಾಕುವ ಸಗಣಿ ಎಲ್ಲಿಯದೆಂದು ಕೇಳಿದೆ. ಹತ್ತಿರದ ಒಂದು ಡೇರಿಯದು ಎಂದು ನಾನು ಹೇಳಿದೆ.

"ದನಕ್ಕೆ ಜಂತಿನ ಔಷ್ದಿ ಹಾಕವ್ರೇನೋ ಕೇಳವ್ವ. ಔಷ್ದಿ ಹಾಕಿದ್ ದನದ ಸಗಣ್ಯಾಗೆ ಹುಳ ಬದ್ಕಲ್ಲ," ಎಂದವಳೇ ನೀನು ಕೈ ತೊಳೆಯಲು ಹೋದೆ.

ಕೇಳಿದೆ. ಡೇರಿಯವರು ಹಾಕಿದ್ದರು. ನಮ್ಮ ಲ್ಯಾಬಿನ ಮುಖ್ಯಸ್ಥೆ ಗಂಗಾಂಬಿಕಾ ಮೇಡಂ ತಲೆಯ ಮೇಲೆ ಕೈ ಹೊತ್ತು ಕೂತರು; ಆಮೇಲೆ ಇಬ್ಬರೂ ನಕ್ಕೆವು. ಇಬ್ಬರೂ ಓದಿದ್ದ ವಿಷಯವೇ, ವಿಚಾರಿಸಬೇಕೆಂದು ಹೊಳೆದಿರಲಿಲ್ಲ.

ನೀನು ನಮ್ಮ ಹಸುವಿನ ಸಗಣಿಯನ್ನು ಬಕೆಟ್ಟಿನಲ್ಲಿ ಕಳಿಸಿದೆಯಲ್ಲ, ಕಂಡಕ್ಟರ್ ಮುಖ ಸಿಂಡರಿಸಿಕೊಂಡೇ ಇಳಿಸಿಕೊಟ್ಟ. ಅದರಲ್ಲಿ ಹುಟ್ಟಿದವು ಇವು. ಇಂದು ಬೆಳಿಗ್ಗೆ ಡಬ್ಬಿ ತೆರೆದರೆ ಮಿರಮಿರ ಮಿಂಚುವ ಕರಿ ಹುಳಗಳು, ಚೆನ್ನಾಗಿ ಉಂಡ ಗಂಡುಗಳ ತಲೆಯ ಮೇಲೆ ಬಾಗಿದ ಜೋಡಿ ಕೊಂಬು. ನಮ್ಮ ಟಗರು ನೆನಪಾಯಿತು.

ಸಂಶೋಧನಾ ಲೇಖನದ ಕೊನೆಗೆ ನಿನಗೆ ಕೃತಜ್ಞತೆ ಹೇಳಬೇಕೆಂದು ಮೇಡಂ ನಿನ್ನ ಪೂರ್ತಿ ಹೆಸರು ಕೇಳಿದರು. ಉಚ್ಚಂಗೆಮ್ಮ ಎಂದು ಇಂಗ್ಲಿಷಿನಲ್ಲಿ ಬರೆದು, ಅಕ್ಷರ ತಪ್ಪಿಲ್ಲವೇ ಎಂದು ಮೂರು ಸಲ ನೋಡಿದೆ.

ದಸರೆಗೆ ಬರುತ್ತೇನೆ. ಟಗರಿಗೂ ಹೇಳು.

ನಿನ್ನ ಮಗಳು,
ಸ್ವಪ್ನ

ಮತ್ತೊಂದು ಮಾತು: ನೀನು ಬಂದ ದಿನ ನಾನು ಕಂಪ್ಯೂಟರಿನಲ್ಲಿ ಬರೆಯುತ್ತಿದ್ದದ್ದು ಕೆಲಸ ಬಿಡುತ್ತೇನೆಂಬ ಪತ್ರ. ಕಳಿಸುವುದಷ್ಟೇ ಬಾಕಿ ಇತ್ತು. ಅಷ್ಟರಲ್ಲಿ ನೀನು ಕೈ ತೊಳೆದು ಬಂದು ಬುತ್ತಿ ಬಿಚ್ಚಿದೆ. ಉಂಡ ಮೇಲೆ ಕಳಿಸೋಣ ಎಂದುಕೊಂಡೆ. ಉಂಡ ಮೇಲೆ ಡೇರಿಗೆ ಫೋನ್ ಮಾಡಿದೆ.