ತುಂಬಾ ಸಂತೋಷ ಎಂದುಬಿಟ್ಟೆ

ಭಾನುವಾರ, ಮಧ್ಯಾಹ್ನ
ಹೋಟೆಲಿನ ಕೋಣೆಯಿಂದ

ನನ್ನ ಮುದ್ದು ಮಗಳೇ,

ನೀನು ಆರಾಮಾಗಿದ್ದೀಯ ಎಂದುಕೊಂಡೇ ಶುರು ಮಾಡುತ್ತೇನೆ. ನಿನ್ನೆ ಪುಸ್ತಕ ಬಿಡುಗಡೆಯಾಯಿತು. ಸಭಾಂಗಣ ತುಂಬಿತ್ತು. ಕೊಟ್ಟ ಹೂಗುಚ್ಛವೆಲ್ಲ ಈಗ ಬಚ್ಚಲಿನ ಬಕೆಟ್ಟಿನಲ್ಲಿ ನಿಂತಿದೆ. ಮುಂದಿನ ವಾರ ಇನ್ನೊಂದು ಸಮ್ಮೇಳನ, ಅದು ಮುಗಿಯುತ್ತಲೇ ಹೊಸ ಕಾದಂಬರಿಯ ಮೊದಲ ಅಧ್ಯಾಯಗಳನ್ನು ಕೊಡಬೇಕು. ಗಡುವಿನ ಮಾತನ್ನು ನಮ್ಮ ಪ್ರಕಾಶಕರು ಎಷ್ಟು ನಯವಾಗಿ ಎತ್ತುತ್ತಾರೆಂದರೆ, ನನ್ನ ಆರೋಗ್ಯ ವಿಚಾರಿಸುತ್ತಿದ್ದಾರೇನೋ ಅನ್ನಿಸುತ್ತದೆ. ಜನ ಫೋಟೋಗೆ ಮುಗಿಬೀಳುತ್ತಾರೆ. ಊಟಕ್ಕೆ ಕೂತರೆ ಎದುರಿನ ಕುರ್ಚಿ ಖಾಲಿ.

ನಿನ್ನಿಂದ ಒಂದು ವಿಷಯ ಮುಚ್ಚಿಟ್ಟಿದ್ದೇನೆ. ವರ್ಷದಿಂದ ನನಗೆ ಸರಿಯಾಗಿ ಕಿವಿ ಕೇಳುತ್ತಿಲ್ಲ. ಎಡಗಿವಿ ಪೂರ್ತಿ ಕೈಕೊಟ್ಟಿದೆ, ಬಲಗಿವಿ ಹೇಗೋ ಸಂಸಾರ ತೂಗಿಸುತ್ತಿದೆ. ಕಂಡವರ ಮಾತಿಗೆಲ್ಲ ಕಿವಿಗೊಟ್ಟೇ ಕಥೆ ಹೆಣೆದವಳು ನಾನು. ಕಿವುಡಿ ಎಂದು ಹೇಳಿಕೊಳ್ಳಲು ಬಾಯೇ ಬರಲಿಲ್ಲ. ಯಾರು ಏನೆಂದರೂ ನಕ್ಕು "ತುಂಬಾ ಸಂತೋಷ" ಅನ್ನುವುದನ್ನು ರೂಢಿ ಮಾಡಿಕೊಂಡೆ. ಬಿಡುಗಡೆ ಸಮಾರಂಭಗಳಲ್ಲಿ ಅದು ಹೆಚ್ಚುಕಮ್ಮಿ ಎಲ್ಲದಕ್ಕೂ ಒಗ್ಗುತ್ತದೆ.

ನಿನ್ನೆ ಸಹಿಗೆ ನಿಂತವರ ಸಾಲಿನಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬರು ಬಂದರು. ಕೈಯಲ್ಲಿ ನನ್ನ ಹಳೆಯ ಕಾದಂಬರಿ. ಬಗ್ಗಿ ಏನೋ ಹೇಳಿದರು. ಸುತ್ತ ಗಿಜಿಗಿಜಿ. ನಾನು ಸಹಿ ಹಾಕಿ, ಬಾಯ್ತುಂಬ ನಕ್ಕು, "ತುಂಬಾ ಸಂತೋಷ" ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ಪುಸ್ತಕವನ್ನು ಮೇಜಿನ ಮೇಲೆಯೇ ಬಿಟ್ಟು ಹೊರಟುಹೋದರು.

ನನ್ನ ಬಲಪಕ್ಕದಲ್ಲೇ ಇದ್ದ ಪ್ರಕಾಶಕರ ಮುಖ ಬಿಳಿಚಿಕೊಂಡಿತ್ತು. "ಏನ್ ಮೇಡಂ ಹಾಗಂದ್ಬಿಟ್ರಿ! ಅವ್ರ ಯಜಮಾನ್ರು ತೀರ್ಕೊಂಡ್ರಂತೆ. ಆಸ್ಪತ್ರೇಲಿ ಇವ್ರು ಅವ್ರಿಗೆ ಈ ಪುಸ್ತಕಾನೇ ಓದಿ ಹೇಳ್ತಿದ್ರಂತೆ."

ಸಾಲನ್ನು ಅಲ್ಲೇ ಬಿಟ್ಟು, ಪುಸ್ತಕ ಎತ್ತಿಕೊಂಡು ಓಡಿದೆ, ಈ ಮಂಡಿನೋವು ಕಟ್ಟಿಕೊಂಡು! ಅವರು ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತಿದ್ದರು. ಏದುಸಿರು ಬಿಡುತ್ತಾ ಪಕ್ಕದಲ್ಲಿ ಕೂತೆ.

"ನಂಗೆ ಕಿವಿ ಕೇಳ್ಸಲ್ಲಮ್ಮ. ಯಾರಿಗೂ ಹೇಳಿಲ್ಲ. ಇನ್ನೊಂದ್ಸಲ ಹೇಳಿ, ಜೋರಾಗಿ."

ಬಲಗಿವಿ ತೋರಿಸಿದೆ. ಅವರು ಅದರ ಹತ್ತಿರ ಬಾಯಿ ತಂದು, ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡುವಂತೆ ಕೂಗಿದರು: "ನಮ್ಮನೆಯವ್ರು ಹೋಗ್ಬಿಟ್ರು! ಕೊನೇ ಅಧ್ಯಾಯ ಇನ್ನೂ ಬಾಕಿ ಇತ್ತು!"

ಕೂಗಿ, ಅತ್ತರು. ಆ ಮಾತನ್ನು ಅಷ್ಟು ಜೋರಾಗಿ ಅವರು ಎಲ್ಲೂ ಆಡಿರಲಿಲ್ಲವೇನೋ. ಆಮೇಲೆ ಆ ಅಧ್ಯಾಯವನ್ನು ತಾವೂ ಓದಲಿಲ್ಲ, ಮನಸ್ಸು ಬರಲಿಲ್ಲ ಎಂದರು. ನಾನೇ ಓದಿ ಹೇಳಲೇ ಎಂದು ಕೇಳಿದೆ. ತಲೆಯಾಡಿಸಿದರು. ಅವರ ಬಸ್ಸು ಬಂತು, ಹೋಯಿತು, ಇನ್ನೊಂದೂ ಹೋಯಿತು. ಓದಿ ಮುಗಿಸಿದೆ. ಅವರು ಕಣ್ಣೊರೆಸಿಕೊಂಡು, "ಅಯ್ಯೋ, ಇದು ಅವ್ರಿಗೆ ಒಂಚೂರೂ ಹಿಡಿಸ್ತಿರ್ಲಿಲ್ಲ ಬಿಡಿ" ಎಂದರು. ಇಬ್ಬರೂ ನಕ್ಕೆವು. ನನ್ನ ಪುಸ್ತಕದ ಬಗ್ಗೆ ಇಷ್ಟು ವರ್ಷಗಳಲ್ಲಿ ಯಾರೂ ನನಗೆ ಇಷ್ಟು ಹತ್ತಿರದಿಂದ ಮಾತಾಡಿರಲಿಲ್ಲ.

ಮುಂದಿನ ಬಸ್ಸು ಅವರನ್ನು ಕರೆದೊಯ್ದಿತು. ಹೆಸರೂ ಕೇಳಲಿಲ್ಲ ನೋಡು. ಕೋಣೆಗೆ ಬಂದು ಹಾಸಿಗೆಯ ಅಂಚಿನಲ್ಲಿ ಕೂತೆ. ನಿನಗೆ ಹೇಳಬೇಕೆನಿಸಿತು.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಅಮ್ಮ

ತಾ.ಕ.: ಹೋದ ವಾರ ನೀನು ಫೋನಿನಲ್ಲಿ ತುಂಬ ಹೊತ್ತು ಮಾತಾಡಿದೆ. ನನಗೆ ಹೆಚ್ಚಿನದು ಕೇಳಿಸಲೇ ಇಲ್ಲ. ಕೊನೆಗೆ ನೀನು ಸುಮ್ಮನಾದಾಗ, "ಒಳ್ಳೇದೇ ಆಯ್ತು ಬಿಡು" ಎಂದೆ. ಆಮೇಲೆ ನೀನು ಫೋನ್ ಮಾಡಿಲ್ಲ. ಏನಾಗಿತ್ತು ಮಗಳೇ? ಬರೆದು ತಿಳಿಸು.